ಮಂಜಿನಲ್ಲಿ ಮಂಜರಾಬಾದ್ ತೋರಿಸುವ ಕೆಲಸ

ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆಗೆ ಬರುವ ಮುಕ್ಕಾಲು ಜನರ ಫೋನಿನಲ್ಲಿ ಡ್ರೋನ್ ಫೋಟೊ ಇರುತ್ತದೆ: ಗುಡ್ಡದ ನೆತ್ತಿಯ ಮೇಲೆ ಎಂಟು ಮೂಲೆಯ ನಕ್ಷತ್ರ. ಜುಲೈನಲ್ಲಿ ಪಾಚಿ ಹಿಡಿದ ಮೆಟ್ಟಿಲು ಹತ್ತಿ ಬಾಗಿಲು ದಾಟಿದರೆ ಹತ್ತು ಮಾರು ಗೋಡೆ ಕಾಣುತ್ತದೆ, ಅದರಾಚೆ ಬರೀ ಬಿಳುಪು. "ಸರ್, ಸ್ಟಾರ್ ಎಲ್ಲಿ?"

ಗೈಡ್ ಆದವನು ಆಗ "ಬಿಸಿಲಿದ್ದಿದ್ದರೆ ಅಲ್ಲಿ ಅದು ಕಾಣ್ತಿತ್ತು, ಇಲ್ಲಿ ಇದು ಕಾಣ್ತಿತ್ತು" ಅನ್ನಬಾರದು. ಕಾಣದ್ದರ ಪಟ್ಟಿ ಒಪ್ಪಿಸಿದರೆ ಜನ ಸೀದಾ ಗಾಡಿ ಕಡೆ ಹೊರಡುತ್ತಾರೆ. ನಾನು ಒಬ್ಬರನ್ನು ಗೋಡೆ ಒಳಕ್ಕೆ ಮಡಚುವ ಜಾಗದಲ್ಲಿ ನಿಲ್ಲಿಸಿ, ಅದರ ಎಡಬಲದ ಚೂಪು ಮೂಲೆಗಳಿಂದ ಇಬ್ಬರು ಕೂಗುವಂತೆ ಹೇಳುತ್ತೇನೆ. ದನಿ ಬಂದ ಕಡೆಯಿಂದ ಗುಂಡು ಬರುತ್ತಿತ್ತು ಅಂದುಕೊಳ್ಳಿ. ಗೋಡೆಯ ಬುಡಕ್ಕೆ ಬಂದವನಿಗೆ ಬಚ್ಚಿಟ್ಟುಕೊಳ್ಳಲು ಮರೆಯೇ ಇಲ್ಲ. ಯುರೋಪಿನಿಂದ ಬಂದ ಈ ನಕ್ಷೆಯನ್ನು ಟಿಪ್ಪು ಆರಿಸಿದ್ದು ಅದಕ್ಕೇ, ಚಂದಕ್ಕಲ್ಲ. ಫೋಟೊ ನೋಡಿದರೆ ಇದು ಹೊಳೆಯುವುದಿಲ್ಲ.

ಒಮ್ಮೆ ಶಾಲೆಯ ಹುಡುಗಿಯೊಬ್ಬಳು ಕೇಳಿದಳು: "ಮಂಗಳೂರಿನ ದಾರಿ ಕಾಯೋಕೆ ಕಟ್ಟಿದ್ದು ಅಂತೀರಿ. ಮಳೆಗಾಲದಲ್ಲಿ ದಾರೀನೇ ಕಾಣಲ್ವಲ್ಲ, ಕಾಯೋದು ಹೇಗೆ?"

ಆ ಪ್ರಶ್ನೆಯಿಂದ ನನ್ನ ಮಳೆಗಾಲದ ಮಾತೇ ಬದಲಾಯಿತು. ಮಳೆಗಾಲದಲ್ಲಿ ದಾರಿ ಕಾಯುತ್ತಿದ್ದದ್ದು ಮಳೆಯೇ: ಆ ಕಾಲದಲ್ಲಿ ಮಳೆ ಹಿಡಿದರೆ ದಂಡು ಸಾಗುವುದೇ ಕಷ್ಟ. ತೋಪು ಎಳೆಯುವ ಎತ್ತಿಗೆ ಮೇವಿಲ್ಲ, ಚಕ್ರ ಕೆಸರಿನಲ್ಲಿ. 1791ರ ಮೇ ತಿಂಗಳಲ್ಲಿ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ದಂಡು ಕಟ್ಟಿಕೊಂಡು ಟಿಪ್ಪುವಿನ ರಾಜಧಾನಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದಿದ್ದ. ಮಳೆ ಸುರಿಯಿತು, ದಿನಸಿ ಮುಗಿಯಿತು, ಎತ್ತುಗಳು ಸತ್ತವು. ದೊಡ್ಡ ತೋಪುಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. ಮಳೆ ಮುಗಿದ ಮೇಲೆ ಮತ್ತೆ ಬಂದ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. ಕೊಡಗು ಹೋಯಿತು, ಮಂಗಳೂರು ಉಳಿಯಿತು. ಆಮೇಲೆ ಕರಾವಳಿಗೆ ಇಳಿಯುವ ಈ ದಾರಿಗೆ ಎಷ್ಟು ಬೆಲೆ ಬಂದಿರಬೇಕು, ನೀವೇ ಲೆಕ್ಕ ಹಾಕಿ. ತೊಯ್ದು ತೊಪ್ಪೆಯಾಗಿ ನಿಂತವರಿಗೆ ಈ ಕತೆ ಹೇಳಿದರೆ ಯಾರೂ ಗಡಿಯಾರ ನೋಡುವುದಿಲ್ಲ. ಬಿಸಿಲಿನಲ್ಲಿ ಇದೇ ಕತೆ ಅರ್ಧಕ್ಕೆ ನಿಂತು ಸೆಲ್ಫಿಗೆ ದಾರಿ ಬಿಡುತ್ತದೆ.

ಹೊಸ ಹುಡುಗರು ಕೆಲಸಕ್ಕೆ ಬಂದಾಗ ಇನ್ನೆರಡು ಮಾತು ಹೇಳುತ್ತೇನೆ. ನಡುವಿನ ಕೊಳದ ಪಕ್ಕದ ಮದ್ದಿನ ಮನೆಗೆ ಮಳೆಗೆ ಮರೆ ಅಂತ ಜನ ನುಗ್ಗುತ್ತಾರೆ; ಒಳಗೆ ಕತ್ತಲೆ, ನೆಲ ಜಾರು, ಟಾರ್ಚ್ ಇಲ್ಲದೆ ಬಿಡಬೇಡಿ. ಗಾಳಿ ಎದ್ದ ದಿನ ಗೋಡೆಯ ಮೇಲಕ್ಕೆ ಯಾರನ್ನೂ ಹತ್ತಿಸಬೇಡಿ. "ಒಂದೇ ಫೋಟೊ ಅಣ್ಣಾ" ಅಂತ ಗೋಗರೆಯುತ್ತಾರೆ, ಟಿಪ್ಸ್ ಆಸೆ ತೋರಿಸುತ್ತಾರೆ. ಮುಖ ಊದಿಸಿಕೊಂಡರೂ ಸರಿ, ಕೆಳಗೇ ನಿಲ್ಲಿಸಿ.