ಕರಿಯನಿಗೂ ಕೊಡೆಗೂ ಆಗಿಬರುವುದಿಲ್ಲ

ನಮ್ಮ ನಾಯಿ ಕರಿಯನಿಗೆ ಕೊಡೆ ಹಿಡಿದವರನ್ನು ಕಂಡರೆ ಆಗುವುದಿಲ್ಲ. ಶಿವಮೊಗ್ಗದ ಮಳೆಗಾಲದಲ್ಲಿ ಕೊಡೆ ಇಲ್ಲದವರನ್ನು ನಾನು ಎಲ್ಲಿಂದ ತರಲಿ?

ಅವನು ತೀರ್ಥಹಳ್ಳಿ ಕಡೆಯ ತೋಟದ ಮನೆಯಲ್ಲಿ ಹುಟ್ಟಿದವನು. ಆರು ತಿಂಗಳಾದ ಮೇಲೆ ವಿನೋಬನಗರಕ್ಕೆ ತಂದೆವು. ಮರಿಗಳು ಮೂರನೇ ವಾರದಿಂದ ಹೆಚ್ಚುಕಮ್ಮಿ ಮೂರು ತಿಂಗಳವರೆಗೆ ಕಂಡದ್ದನ್ನೆಲ್ಲ ಮಾಮೂಲು ಅಂತ ಒಪ್ಪಿಕೊಳ್ಳುತ್ತವೆ, ಆಮೇಲೆ ಹೊಸದಾಗಿ ಕಂಡದ್ದಕ್ಕೆಲ್ಲ ಅನುಮಾನ ಜಾಸ್ತಿ. ಕರಿಯ ಆ ದಿನಗಳಲ್ಲಿ ನೋಡಿದ್ದು ಅಡಿಕೆ ಮರ, ದನ, ನಮ್ಮ ದೊಡ್ಡಮ್ಮ ಮತ್ತೆ ಮಳೆಗೆ ತಲೆಯಿಂದ ಹೊದೆಯುವ ಕೊಪ್ಪೆ ಹಾಕಿಕೊಂಡು ಕೆಲಸಕ್ಕೆ ಬರುವವರು. ಕೊಪ್ಪೆ ಕಂಡರೆ ಇವತ್ತಿಗೂ ಬಾಲ ಅಲ್ಲಾಡಿಸುತ್ತಾನೆ. ಕೊಡೆ ಮಾತ್ರ ಬೇಡ!

ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಪಕ್ಕದ ಬೀದಿಯ ರಿಟೈರ್ಡ್ ಮಾಷ್ಟರು ತಿರುವಿನಲ್ಲಿ ಎದುರಾದರು, ಸರಿಯಾಗಿ ಅದೇ ಹೊತ್ತಿಗೆ ಬಟನ್ ಒತ್ತಿ ಕೊಡೆ ಬಿಚ್ಚಿದರು. ಟಪ್. ಕರಿಯ ಹಾರಿದ. ಕೊಡೆಯ ಅಂಚು ಅವನ ಬಾಯಲ್ಲಿ, ಹಿಡಿ ಮಾಷ್ಟರ ಕೈಯಲ್ಲಿ, ಹಿಂದಿನಿಂದ ಚೈನ್ ಜಗ್ಗುತ್ತ ನಾನು. ಪುಣ್ಯಕ್ಕೆ ಯಾರಿಗೂ ಗಾಯ ಆಗಲಿಲ್ಲ. ಹೊಸ ಕೊಡೆ ಕೊಡಿಸಿದೆ.

ಅಲ್ಲಿಯವರೆಗೆ ನಾನು ಮಾಡುತ್ತಿದ್ದುದು ಇಷ್ಟೇ: ಯಾರಾದರೂ ಕಂಡ ತಕ್ಷಣ ಚೈನ್ ಬಿಗಿ ಹಿಡಿಯುವುದು, ಬೊಗಳಿದರೆ ಗದರುವುದು. ಅವನ ಲೆಕ್ಕ ಹೇಗಿರುತ್ತದೆ ನೋಡಿ. ಮನುಷ್ಯ ಕಂಡ, ಕುತ್ತಿಗೆ ಬಿಗಿಯಿತು, ಯಜಮಾನನಿಗೆ ಸಿಟ್ಟು ಬಂತು. ಹಾಗಾದರೆ ಎದುರಿಗೆ ಬರುವವನೇ ಅಪಾಯ, ಅಲ್ವಾ? 'ಎರಡು ಬಿಗಿ, ಸರಿಹೋಗುತ್ತೆ' ಅಂದವರು ಬಹಳ ಜನ. ಹೊಡೆದರೆ ಬೊಗಳುವುದು ನಿಲ್ಲಬಹುದು, ಹೆದರಿಕೆ ಹಾಗೇ ಒಳಗಿರುತ್ತದೆ. ಗುರ್ ಅನ್ನದೆ ಸೀದಾ ಕಚ್ಚುವುದನ್ನು ನಾವೇ ಕಲಿಸಿದ ಹಾಗಾಗುತ್ತದೆ.

ಈಗ ಚೈನ್ ಇಲ್ಲ. ಎದೆಯ ಮುಂದೆ ರಿಂಗ್ ಇರುವ ಹಾರ್ನೆಸ್ (ಕುತ್ತಿಗೆಗಲ್ಲ, ಮೈಗೆ ಹಾಕುವ ಪಟ್ಟಿ), ಎರಡು ಮೀಟರ್ ಹಗ್ಗ, ಜೇಬಲ್ಲಿ ಉಪ್ಪು ಹಾಕದೆ ಬೇಯಿಸಿದ ಕೋಳಿ ಲಿವರ್. ಜೇಬಿನ ವಾಸನೆ ಬಗ್ಗೆ ಮನೆಯಲ್ಲಿ ದಿನಾ ಮಂಗಳಾರತಿ ಆಗುತ್ತದೆ, ಅದು ಬಿಡಿ. ಮುಖ್ಯ ವಿಷಯ ದೂರ. 30 ಹೆಜ್ಜೆ ಆಚೆ ಕೊಡೆ ಇದ್ದರೆ ಕರಿಯ ನೋಡುತ್ತಾನೆ ಅಷ್ಟೇ, 15ಕ್ಕೆ ಬಂದರೆ ಕಥೆ ಮುಗಿಯಿತು. ಬೊಗಳುವುದಕ್ಕೆ ಮೊದಲು ತೆರೆದ ಬಾಯಿ ಟಕ್ಕಂತ ಮುಚ್ಚುತ್ತದೆ, ಕಿವಿ ಮುಂದೆ ಬರುತ್ತದೆ, ಬಾಲ ಕಲ್ಲಾಗುತ್ತದೆ. ಅದಕ್ಕಿಂತ ಮುಂಚೆಯೇ ಲಿವರ್ ಬಾಯಿಗೆ ಹೋಗಬೇಕು. ಕೊಡೆ ಕಂಡಿತು, ಲಿವರ್ ಬಂತು. ಕೊಡೆ ಹೋಯಿತು, ಲಿವರೂ ನಿಂತಿತು. ಈ ಕ್ರಮ ತಿರುವುಮುರುವು ಆಗಬಾರದು. ಮೊದಲು ಲಿವರ್ ತೋರಿಸಿ ಆಮೇಲೆ ಕೊಡೆ ಬಂದರೆ, ಲಿವರ್ ಮೇಲೇ ಅನುಮಾನ ಬರುತ್ತದೆ. ತೀರಾ ಹತ್ತಿರ ಆದರೆ 'ಬಾ ಹೋಗೋಣ' ಅಂತ ತಿರುಗಿಬಿಡುತ್ತೇನೆ. ಓಡಿಹೋದ ಅಂತ ಯಾರು ಬೇಕಾದರೂ ನಗಲಿ.

ಮನೆಯ ಜಗಲಿಯಲ್ಲೂ ಒಂದು ಕೊಡೆ ಬಿದ್ದಿರುತ್ತದೆ. ಮೊದಲ ವಾರ ಮುಚ್ಚಿದ್ದು, ಸುತ್ತ ಲಿವರ್ ಚೂರು. ಆಮೇಲೆ ಅರ್ಧ ಬಿಚ್ಚಿದ್ದು. ಪೂರ್ತಿ ಬಿಚ್ಚುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು.

ಎಲ್ಲ ದಿನ ಒಂದೇ ಥರ ಇರುವುದಿಲ್ಲ. ಕಸದ ಗಾಡಿ ಹೋಯಿತು, ಬೀದಿನಾಯಿ ಗುರ್ ಅಂದಿತು, ಪೇಪರ್ ಹುಡುಗನ ಸೈಕಲ್ ಬೆಲ್ ಆಯಿತು. ಮೂರನ್ನೂ ಸಹಿಸಿಕೊಂಡವನು ನಾಲ್ಕನೆಯದಕ್ಕೆ, ಪಾಪ ಸುಮ್ನೆ ನಿಂತ ಅಜ್ಜಿಗೂ ಬೊಗಳುತ್ತಾನೆ. ಅಂಥ ದಿನ ವಾಪಸ್ ಮನೆಗೆ. ಫ್ರೀಡಂ ಪಾರ್ಕ್ ಕಡೆಗೆ ನಾವು ಹೋಗುವುದೇ ಇಲ್ಲ, ಬೆಳಿಗ್ಗೆ ಅಲ್ಲಿ ಅಷ್ಟು ಜನ.

ಮೊನ್ನೆ ಮಾಷ್ಟರು ದೂರದಿಂದಲೇ ನಮ್ಮನ್ನು ಕಂಡು, ಪಾಪ, ಕೊಡೆ ಮುಚ್ಚಲು ಹೊರಟರು. 'ಬೇಡ ಸರ್, ಹಿಡ್ಕೊಂಡೇ ಇರಿ' ಅಂತ ಕೂಗಿದೆ. ಕರಿಯ ಕೊಡೆ ನೋಡಿದ, ಆಮೇಲೆ ತಿರುಗಿ ನನ್ನ ಮುಖ ನೋಡಿದ. ಒಂದು ಚೂರು ಕೊಟ್ಟೆ. ಮತ್ತೆ ಕೊಡೆ ನೋಡಿದ, ಮತ್ತೆ ನನ್ನ ಮುಖ. ಹಾಗೇ ಏಳೆಂಟು ಸಲ. ಮಾಷ್ಟರು ಮಳೆಯಲ್ಲಿ ಕೊಡೆ ಹಿಡಿದು ನಿಂತೇ ಇದ್ದರು, ನನ್ನ ಜೇಬು ಖಾಲಿಯಾಯಿತು.