ಗಿರಿಯ ಇಳಿಜಾರಿಗೆ ಕಾಲು ಪಳಗಿಸುವುದು

ಚಿಕ್ಕಮಗಳೂರಿನಲ್ಲಿ ನಲವತ್ತರ ಆಸುಪಾಸಿನಲ್ಲಿ ಓಟ ಶುರುಮಾಡುವವರು ಹೆದರುವುದು ಏರಿಗೆ. ಕಾಲು ಕೆಡುವುದು ಮಾತ್ರ ಇಳಿಯುವಾಗ. ಏರಿನಲ್ಲಿ ಏದುಸಿರು ಬಂದು ದೇಹ ತಾನಾಗಿಯೇ ನಿಧಾನವಾಗುತ್ತದೆ. ಇಳಿಜಾರಿನಲ್ಲಿ ಉಸಿರು ಹಗುರ, ಆದ್ದರಿಂದ ವೇಗ ಏರಿದ್ದು ಗೊತ್ತೇ ಆಗುವುದಿಲ್ಲ. ಆದರೆ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆದು ಹಿಡಿಯಬೇಕು. ಹಾಗೆ ಹಿಗ್ಗುತ್ತಾ ದುಡಿದ ಸ್ನಾಯುವಿನ ಎಳೆಗಳಿಗೆ ಪೆಟ್ಟು ಹೆಚ್ಚು. ಅವತ್ತು ಏನೂ ಅನಿಸುವುದಿಲ್ಲ; ಮಾರನೇ ದಿನ ಶುರುವಾದ ನೋವು ಮೂರನೇ ದಿನದ ಹೊತ್ತಿಗೆ ಮೆಟ್ಟಿಲು ಇಳಿಯಲೂ ಬಿಡುವುದಿಲ್ಲ.

ಹಾಗಾಗಿ ಮೊದಲ ಎರಡು ಮೂರು ತಿಂಗಳು ಗಿರಿಯ ಕಡೆ ತಲೆ ಹಾಕಬೇಡಿ. ಕ್ರೀಡಾಂಗಣದ ಸಮತಟ್ಟು ಸಾಕು. ವಾರಕ್ಕೆ ಮೂರು ದಿನ, 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 10 ಸಲ. ವಾರ ಕಳೆದಂತೆ ಓಟ ಹೆಚ್ಚಿಸಿ, ನಡಿಗೆ ಇಳಿಸಿ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಬರಬೇಕು. ಬರದಿದ್ದರೆ ವೇಗ ಜಾಸ್ತಿಯಾಯಿತು. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ, ಹಿಮ್ಮಡಿಯ ಸ್ನಾಯುರಜ್ಜು ಮತ್ತು ಮೂಳೆಗೆ ತಿಂಗಳುಗಳೇ ಬೇಕು. ಈ ಅಂತರದಲ್ಲೇ ಹೊಸಬರು ಪೆಟ್ಟು ಮಾಡಿಕೊಳ್ಳುವುದು. ಕಾಲಿನ ಮುಂಭಾಗದ ಮೂಳೆಯ ಮೇಲೆ ಬೆರಳಿಟ್ಟು ಒತ್ತಿದಾಗ ಒಂದೇ ಜಾಗದಲ್ಲಿ ಚುಚ್ಚುವ ನೋವಿದ್ದರೆ ಓಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ. ಕೂದಲೆಳೆಯ ಬಿರುಕು ಹೀಗೆಯೇ ಶುರುವಾಗುತ್ತದೆ.

ಅರ್ಧ ಗಂಟೆ ನಿಲ್ಲದೆ ಓಡಲು ಬಂದ ಮೇಲೆ ಗಿರಿಯ ಬುಡದ ಕೈಮರದಿಂದ ಸೀತಾಳಯ್ಯನಗಿರಿ ಕಡೆಗೆ ಏರುವ ರಸ್ತೆಗೆ ಹೋಗಬಹುದು. ವಾರದ ದಿನ, ಬೆಳಕು ಹರಿದ ಕೂಡಲೇ ಹೋಗಿ; ಶನಿವಾರ, ಭಾನುವಾರ ಪ್ರವಾಸಿಗರ ವಾಹನಗಳ ನಡುವೆ ತಿರುವುಗಳಲ್ಲಿ ಓಡುವುದು ಅಪಾಯ. 400 ಮೀಟರ್ ನಡೆದು ಏರಿ, ಓಡಿ ಇಳಿಯಿರಿ. ಮೊದಲ ದಿನ ನಾಲ್ಕೇ ಸಲ. ಇನ್ನೂ ಶಕ್ತಿ ಇದೆ ಅನ್ನಿಸಿದರೂ ನಿಲ್ಲಿಸಿ. ಇಂಥ ಸಣ್ಣ ಪೆಟ್ಟು ಒಮ್ಮೆ ತಿಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ, ಅದೇ ಈ ಅಭ್ಯಾಸದ ಗುಟ್ಟು. ಹತ್ತು ದಿನ ಬಿಟ್ಟು ಆರು ಸಲ ಮಾಡಿ.

ಇಳಿಯುವಾಗ ಹಿಂದಕ್ಕೆ ವಾಲುವುದೇ ದೊಡ್ಡ ತಪ್ಪು. ವಾಲಿದರೆ ಹಿಮ್ಮಡಿ ಮೈಗಿಂತ ಮುಂದೆ ಬಿದ್ದು ಬ್ರೇಕ್ ಹಾಕಿದಂತಾಗುತ್ತದೆ, ಹೊಡೆತವೆಲ್ಲ ಮಂಡಿಗೆ. ಹೆಜ್ಜೆ ಚಿಕ್ಕದಿರಲಿ, ಪಾದ ಸೊಂಟದ ಕೆಳಗೇ ಬೀಳಲಿ. 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ನೆಲ ಮುಟ್ಟಿತು ಎಣಿಸಿ. 40ರಿಂದ 45 ಇದ್ದರೆ ಸರಿ.

ಶೂ ಸಂಜೆ ಕೊಳ್ಳಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಬೇಕು. ಇಲ್ಲದಿದ್ದರೆ ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ಕಪ್ಪಾಗುತ್ತದೆ. ಕಣಕಾಲಿನ ಹತ್ತಿರದ ಕೊನೆಯ ತೂತಿಗೂ ಲೇಸ್ ಪೋಣಿಸಿ ಬಿಗಿದರೆ ಜಾರುವುದು ಕಡಿಮೆ.

ಅರ್ಧ ಮ್ಯಾರಥಾನ್, ಅಂದರೆ 21.1 ಕಿ.ಮೀ. ಓಟಕ್ಕೆ ಹೆಸರು ಕೊಟ್ಟಿದ್ದರೆ ಕೊನೆಯ ಇಳಿಜಾರಿನ ಅಭ್ಯಾಸ ಓಟಕ್ಕೆ ಎರಡು ವಾರ ಮೊದಲೇ ಮುಗಿಯಲಿ. ಜೂನ್ ನಂತರದ ಮಳೆಯಲ್ಲಿ ಪಾಚಿ ಹಿಡಿದ ರಸ್ತೆಯಂಚಿನಲ್ಲಿ ಇಳಿದು ಓಡಬೇಡಿ. ಒದ್ದೆ ಶೂ ಒಲೆಯ ಪಕ್ಕ ಇಟ್ಟರೆ ಅಂಟು ಬಿಡುತ್ತದೆ. ಒಳಗಿನ ಅಟ್ಟೆ ತೆಗೆದು, ಹಳೆಯ ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಕಾಗದ ಬದಲಿಸಿ.