ಹಾರ್ಲಿಕ್ಸ್ ಡಬ್ಬಿ ಮತ್ತು ಫ್ಲಾಪ್ ಶೋ

25 ಅಕ್ಟೋಬರ್ 2025, ಶನಿವಾರ

ಮನೆಯಲ್ಲಿ ಇಂಟರ್ನೆಟ್ ಹೋಗಿ ಇವತ್ತಿಗೆ ನಾಲ್ಕು ದಿನ. ಕೇಬಲ್ ಹುಡುಗನಿಗೆ ಯಾವಾಗ ಫೋನ್ ಮಾಡಿದರೂ ಒಂದೇ ಉತ್ತರ, ‘ದಾರಿಯಲ್ಲೇ ಇದೀನಿ ಮೇಡಂ.’ ಯಾವ ದಾರಿಯೋ, ಆ ಭಗವಂತನಿಗೇ ಗೊತ್ತು. ಬೆಳಿಗ್ಗೆ ಬೈದುಕೊಂಡು ಫೋನ್ ಇಡುವಾಗ ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಅಪ್ಪ, ‘ಭಟ್ಟಿ ಇದ್ದಿದ್ರೆ ಇದರ ಮೇಲೊಂದು ಎಪಿಸೋಡ್ ಮಾಡ್ತಿದ್ದ’ ಅಂದರು.

ಆಗ ನೆನಪಾಯಿತು. ಟಿವಿ ಹಾಸ್ಯನಟ ಜಸ್ಪಾಲ್ ಭಟ್ಟಿ ತೀರಿಕೊಂಡಿದ್ದು ಇದೇ ದಿನ, 2012ರಲ್ಲಿ. ‘ಪವರ್ ಕಟ್’ ಅನ್ನೋ ತಮ್ಮ ಸಿನಿಮಾದ ಪ್ರಚಾರಕ್ಕೆ ಓಡಾಡುತ್ತಿದ್ದಾಗ ಜಲಂಧರ್ ಜಿಲ್ಲೆಯಲ್ಲಿ ಕಾರು ಅಪಘಾತ. ಸಿನಿಮಾ ಮಾರನೇ ದಿನ ಬಿಡುಗಡೆಯಾಗಬೇಕಿತ್ತು. 57 ವರ್ಷ, ಸಾಯುವ ವಯಸ್ಸೇ ಅಲ್ಲ.

ಅವರ ‘ಫ್ಲಾಪ್ ಶೋ’ ಅನ್ನೋ ಹಿಂದಿ ಹಾಸ್ಯ ಧಾರಾವಾಹಿ ದೂರದರ್ಶನದಲ್ಲಿ ಬಂದಿದ್ದು 1989ರಲ್ಲಿ. ಒಟ್ಟು ಹತ್ತೇ ಕಂತು. ನೂರಾರು ಕಂತು ಎಳೆದ ಎಷ್ಟೋ ಧಾರಾವಾಹಿಗಳ ಹೆಸರೂ ನನಗೆ ನೆನಪಿಲ್ಲ, ಈ ಹತ್ತು ಮಾತ್ರ ಉಳಿದುಕೊಂಡಿವೆ. ಭಟ್ಟಿ ಓದಿದ್ದು ಚಂಡೀಗಢದಲ್ಲಿ, ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ‘ನಾನ್‌ಸೆನ್ಸ್ ಕ್ಲಬ್’ ಅಂತ ಮಾಡಿಕೊಂಡು ಬೀದಿ ನಾಟಕ ಆಡುತ್ತಿದ್ದರು, ಪತ್ರಿಕೆಗೆ ಕಾರ್ಟೂನ್ ಬರೆಯುತ್ತಿದ್ದರು. ಆಮೇಲೆ ಟಿವಿಯಲ್ಲಿ ‘ಉಲ್ಟಾ ಪುಲ್ಟಾ’ ಅನ್ನೋ ಚಿಕ್ಕ ಚಿಕ್ಕ ತುಣುಕು, ಅದರ ಬೆನ್ನಿಗೇ ಇದು. ಹೆಂಡತಿ ಸವಿತಾ ಇದರಲ್ಲೂ ಹೆಂಡತಿಯೇ. ಟೈಟಲ್ ಕಾರ್ಡಿನಲ್ಲಿ ನಿರ್ದೇಶನ ಅನ್ನೋ ಕಡೆ ‘ಮಿಸ್‌ಡೈರೆಕ್ಟೆಡ್’ ಅಂತ ಹಾಕಿಕೊಂಡಿದ್ದರು. ಕೊನೆಗೆ ಯಾವುದಾದರೂ ಹಿಂದಿ ಸಿನಿಮಾ ಹಾಡಿನ ಧಾಟಿಗೆ ಒಂದು ಅಣಕು ಹಾಡು.

ನಾವಾಗ ಮೈಸೂರಿನಲ್ಲಿದ್ದೆವು. ಕಪ್ಪು-ಬಿಳುಪು ಟಿವಿ. ನನಗೆ ಒಂಬತ್ತು ವರ್ಷ, ಹಿಂದಿ ಅಷ್ಟಕ್ಕಷ್ಟೆ. ಆದರೆ ಆ ಮುಖ ನೋಡಿದರೆ ಸಾಕಿತ್ತು. ಪಗಡಿ, ಗಡ್ಡ, ಮತ್ತೆ ಅದೇನು ಗಂಭೀರ! ಎದುರಿಗಿದ್ದವರೆಲ್ಲ ಕುಣಿದಾಡುತ್ತಿದ್ದರೂ ಈ ಮನುಷ್ಯ ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವರ ಹಾಗೆ ಇರುತ್ತಿದ್ದರು.

ಟೆಲಿಫೋನ್ ಕಂತನ್ನು ಮಧ್ಯಾಹ್ನ ಮೊಬೈಲ್ ಡೇಟಾ ಖರ್ಚು ಮಾಡಿ ಮತ್ತೆ ನೋಡಿದೆ. ಪಕ್ಕದಲ್ಲಿ ನೋಡುತ್ತಿದ್ದ ಮಗಳಿಗೆ ಸತ್ತ ಫೋನಿಗೆ ಇಷ್ಟು ಒದ್ದಾಟ ಯಾಕೆ ಅನ್ನೋದೇ ಅರ್ಥವಾಗಲಿಲ್ಲ. ಅವಳಿಗೆ ಪಿ.ಪಿ. ನಂಬರ್ ಅಂದರೇನು, ಮನೆಯಲ್ಲಿ ಫೋನ್ ಇಲ್ಲದವರು ನೆರೆಯವರ ನಂಬರನ್ನೇ ಕೊಡುತ್ತಿದ್ದದ್ದು ಅಂತ ವಿವರಿಸಬೇಕಾಯಿತು. ನಮ್ಮ ಪಿ.ಪಿ. ನಂಬರ್ ಮೂರು ಮನೆ ಆಚೆಯವರದು. ಫೋನ್ ಬಂದರೆ ಅವರ ಮಗ ಗೇಟಿನ ಹತ್ತಿರ ನಿಂತು ಕೂಗುತ್ತಿದ್ದ. ಅಮ್ಮ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಓಡುತ್ತಿದ್ದರು. ಅವರ ನಡುಮನೆಯಲ್ಲಿ ನಿಂತು ಮಾತಾಡಬೇಕು, ಇಡೀ ಮನೆ ಕೇಳಿಸಿಕೊಳ್ಳಬೇಕು. ಗುಟ್ಟು ಅನ್ನೋದಕ್ಕೆ ಜಾಗವೇ ಇರಲಿಲ್ಲ.

ನಮ್ಮ ಸಿಟಿ ಜನರ ಸಣ್ಣತನ ಯಾವುದನ್ನೂ ಭಟ್ಟಿ ಬಿಟ್ಟಿರಲಿಲ್ಲ. ಪಿಎಚ್.ಡಿ. ವಿದ್ಯಾರ್ಥಿಯಿಂದ ಮನೆಗೆಲಸ ಮಾಡಿಸುವ ಗೈಡ್, ಆಫೀಸಿನ ಮುಗಿಯದ ಮೀಟಿಂಗು, ಕಾಂಟ್ರಾಕ್ಟರ್, ಮುಖ್ಯ ಅತಿಥಿಯಾಗೋ ಹುಚ್ಚು. ದೊಡ್ಡ ಮಂತ್ರಿಗಳನ್ನು ಬೈಯೋದು ಸುಲಭ, ಕೇಳೋರಿಗೂ ಖುಷಿ. ಇಲ್ಲಿ ಹಾಗಲ್ಲ. ನಗುತ್ತಾ ನಗುತ್ತಾ ಇದ್ದಕ್ಕಿದ್ದ ಹಾಗೆ, ಅರೆ, ಇದು ನಮ್ಮನೆ ವಿಷಯ ಅಲ್ವಾ ಅನ್ನಿಸಿಬಿಡುತ್ತಿತ್ತು.

ನಮ್ಮನೆಗೆ ಹಾಗನ್ನಿಸಿದ್ದು ಮೆಡಿಕಲ್ ಬಿಲ್ ಕಂತಿನ ದಿನ. ಅಪ್ಪ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು. ಉಳಿದ ಕಂತುಗಳಿಗೆ ತೊಡೆ ತಟ್ಟಿಕೊಂಡು ನಗುತ್ತಿದ್ದವರು ಅವತ್ತು ತೆಪ್ಪಗೆ ಕೂತಿದ್ದರು. ನೌಕರರು ಔಷಧಿಯ ಸುಳ್ಳು ಬಿಲ್ ಕೊಟ್ಟು ಆಫೀಸಿನಿಂದ ದುಡ್ಡು ತೆಗೆಯೋದನ್ನು ತೋರಿಸುತ್ತಿದ್ದಾಗ, ‘ಆಂಟೆನಾ ಯಾಕೋ ಸರಿಯಿಲ್ಲ’ ಅಂತ ಎದ್ದು ಹೊರಗೆ ಹೋದರು. ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಅಮ್ಮ ನನ್ನ ಕಡೆ ನೋಡಿ ಸೆರಗು ಬಾಯಿಗಿಟ್ಟುಕೊಂಡರು. ನನಗೆ ಯಾಕೆ ಅಂತ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮೆಡಿಕಲ್ ಶಾಪಿನಿಂದ ತರುತ್ತಿದ್ದ ಹಾರ್ಲಿಕ್ಸ್ ಡಬ್ಬಿ ಬಿಲ್ಲಿನಲ್ಲಿ ‘ಟಾನಿಕ್’ ಆಗುತ್ತಿತ್ತು!

ಸಂಜೆ ಧೈರ್ಯ ಮಾಡಿ ಅದೇ ಕಂತನ್ನು ಅಪ್ಪನಿಗೆ ಹಾಕಿಕೊಟ್ಟೆ. ಕನ್ನಡಕ ಏರಿಸಿಕೊಂಡು ಪೂರ್ತಿ ನೋಡಿದರು. ಈ ಸಲ ಜೋರಾಗಿಯೇ ನಕ್ಕರು.

‘ಅವತ್ತು ಆಂಟೆನಾಗೆ ಏನೂ ಆಗಿರಲಿಲ್ಲ ಅಲ್ವಾ ಅಪ್ಪಾ?’ ಅಂದೆ.

ಮೊಬೈಲ್ ನನ್ನ ಕೈಗೆ ಕೊಡುತ್ತಾ, ‘ಹಾರ್ಲಿಕ್ಸ್ ಕುಡೀತಿದ್ದೋಳು ಯಾರು?’ ಅಂದರು.

ಕೇಬಲ್ ಹುಡುಗ ಇನ್ನೂ ದಾರಿಯಲ್ಲೇ ಇದ್ದಾನೆ.